ಕಬ್ಬಿನೊಳಗಿಂದ ಬಂದ ಕೂಗು

ಇಲ್ಲ... ಇದು ಸುಳ್ಳಾಗಿರಬೇಕು.
ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ.
ಬೈಕ್ ಹತ್ತಿ ಅಥಣಿ ದಾರಿ ಹಿಡಿದೆ... ಯಾಕೆ ಹೊರಟೆನೋ ತಿಳಿಯದೆ ಅರ್ಧಕ್ಕೇ ತಿರುಗಿ ಬಂದೆ.

ನಮ್ಮ ದಿಗ್ಗೇವಾಡಿಯ ಶಿವಗೊಂಡ ಇನ್ನಿಲ್ಲವಂತೆ.
ಹಿಮಾಲಯದಲ್ಲಿ ಟ್ರೆಕ್ಕಿಂಗ್ ಹೋದಾಗ ಎದೆನೋವು ಬಂದು...
ಬೆಟ್ಟದ ಮೇಲಿನ ಮಿಲಿಟರಿ ವೈರ್‌ಲೆಸ್‌ನಿಂದ ಸುದ್ದಿ ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅವನು ನಮ್ಮ ಟೀಮಿನ ಫಾಸ್ಟ್ ಬೌಲರ್. ಚಿಕ್ಕೋಡಿ, ರಾಯಬಾಗ, ಕಾಗವಾಡ... ಎಲ್ಲಿ ಟೂರ್ನಮೆಂಟ್ ಇದ್ದರೂ ಅವನು ಬಂದಿದ್ದಾನೆ ಎಂದರೆ ಓಪನರ್‌ಗಳು ಪ್ಯಾಡ್ ಕಟ್ಟಲು ತಡ ಮಾಡುತ್ತಿದ್ದರು.
ಆಮೇಲೆ ಸೈನ್ಯ ಸೇರಿದ. ರಿಟೈರ್ ಆಗಿ ಬಂದು ಪುಸ್ತಕ ಬರೆದ.
ಬರೆದು ಬೇಸರವಾದಾಗ ಸೈಕಲ್ ಹತ್ತಿದ, ಬೆಟ್ಟ ಹತ್ತಿದ...
ಒಂದು ಕಡೆ ಕೂರುವ ಆಸಾಮಿಯೇ ಅಲ್ಲ.

ನಮ್ಮ ಪಿಚ್ ಸುತ್ತ ಬರೀ ಕಬ್ಬು.
ಚೆಂಡು ತರಲು ಒಳಗೆ ಹೋದವನು ಹೊರಬರುವ ತನಕ "ಓ... ಅದೀನಿ" ಎಂದು, ಅಂದರೆ ಇದ್ದೇನೆ ಎಂದು, ಕೂಗುತ್ತಿರಬೇಕು. ಹೊರಗಿದ್ದವರು "ಓ... ಬಾ" ಅನ್ನಬೇಕು.
ತಲೆ ಮೀರಿದ ಕಬ್ಬು, ದಿಕ್ಕು ತಪ್ಪುತ್ತದೆ, ಹಾವೂ ಇರುತ್ತವೆ.
ಕೂಗು ನಿಂತರೆ ಮ್ಯಾಚ್ ಬಿಟ್ಟು ಎಲ್ಲರೂ ಒಳಗೆ ನುಗ್ಗಬೇಕು.

ಶಿವ್ಯಾ...
ನೀನು ಆ ಕೂಗು ಬಿಡಲೇ ಇಲ್ಲವಲ್ಲೋ.
ಗಡಿಯಲ್ಲಿದ್ದಾಗಲೂ ಸಿಗ್ನಲ್ ಸಿಕ್ಕ ಕೂಡಲೇ ಫೋನ್. ಹಲೋ ಇಲ್ಲ, ಏನಿಲ್ಲ.
"ಓ... ಅದೀನಿ ಲೇ."
ನಾನು "ಓ... ಬಾ" ಅಂದರೆ ಮುಗಿಯಿತು, ಕಟ್.
ನಿನ್ನ ಮೊದಲ ಪುಸ್ತಕ ಶುರುವಾಗುವುದೂ ಅದರಿಂದಲೇ.
"ಇದನ್ನೂ ಬರದಿಯೇನಲೇ ಹುಚ್ಚ?" ಅಂದಿದ್ದೆ.
"ಬ್ಯಾರೆ ಏನ್ ಬರೀಲಿ? ಎಲ್ಲಿ ಹೋದ್ರೂ ಕಬ್ಬಿನ್ಯಾಗ ಹೊಕ್ಕಂಗನ ಐತಿ" ಅಂದು ನಕ್ಕಿದ್ದೆ ನೀನು.

ಸುದ್ದಿ ಕೇಳಿ ನಿನ್ನ ಮನೆಗೆ ಓಡಿದೆ.
ನಿನ್ನ ಹೆಂಡತಿ, ನಮ್ಮ ಸುರೇಖಾ ವೈನಿ, ನಂಬಲು ತಯಾರಿರಲಿಲ್ಲ.
ಅಷ್ಟರಲ್ಲಿ ನನ್ನ ಮೊಬೈಲ್‌ಗೆ ನಿನ್ನ ವಾಯ್ಸ್ ಮೆಸೇಜ್ ಬಂತು...
"ಓ... ಅದೀನಿ ಲೇ. ಗಾಳಿ ಭಾಳ ಐತಿ. ನಿಮ್ಮ ವೈನಿಗೂ ಹೇಳ."

ವೈನಿ ಎದ್ದೇ ನಿಂತರು.
"ನಾ ಹೇಳಲಿಲ್ಲೇನ್ರಿ ಭಾವುಜಿ? ಅದಾರ ಅವರು. ಫೋನ್ ಹಚ್ಚ್ರಿ, ಲಗೂನ."
ಹಚ್ಚಿದೆ. ಎತ್ತಿದ್ದು ನಿನ್ನ ಜೊತೆ ಹೋಗಿದ್ದ ಹುಬ್ಬಳ್ಳಿಯ ಗೆಳೆಯ. ಮೆಸೇಜ್ ಬಂದಿದ್ದನ್ನು ಹೇಳಿದೆ.
"ಅದು ನಿನ್ನೆ ಕಳಿಸಿದ್ದ್ರಿ ಸರ್... ಮ್ಯಾಲೆ ನೆಟ್‌ವರ್ಕ್ ಇರಲಿಲ್ಲ. ಈಗ ಅವರನ್ನ ಕೆಳಗ ತಂದೀವಿ... ಫೋನ್ ಅವರ ಕಿಸೆದಾಗನ ಇತ್ತು."

ವೈನಿ ನನ್ನ ಮುಖ ನೋಡಿ ಹಾಗೇ ನೆಲಕ್ಕೆ ಕೂತರು.
ಕೂತಲ್ಲಿಂದಲೇ ಅಂದರು,
"ಅವರು ಕೂಗ್ಯಾರ... ಸುಮ್ನ ಇರಬ್ಯಾಡ್ರಿ. ಓ ಅನ್ರಿ."
ಮೈಕ್ ಒತ್ತಿದೆ... "ಓ" ಅನ್ನುವ ಮೊದಲೇ ಬಿಟ್ಟುಬಿಟ್ಟೆ ಕಣೋ.
ವೈನಿಯೇ ಮೊಬೈಲ್ ಇಸಿದುಕೊಂಡರು.
"ಓ... ಬರ್ರಿ."

ನಾಳೆ ನಿನ್ನನ್ನು ಊರಿಗೆ ತರುತ್ತಾರೆ. ನಾವೆಲ್ಲ ಕಬ್ಬಿನ ಬದುವಿನಲ್ಲೇ ನಿಂತಿರುತ್ತೇವೆ.
ಇನ್ನು ಕೂಗಬೇಡ ಗೆಳೆಯಾ... ಸಾಕು ಓಡಾಟ, ದಣಿವಾರಿಸಿಕೋ.
ನಿನ್ನ ಜೀವಕ್ಕೆ ತಂಪಾಗಲಿ...