ಪ್ರೊಜೆಕ್ಟರಿನ ಹಣೆ

ದಸರಾ ರಜೆಗೆ ಮುಂಚೆ, ಶಿವಮೊಗ್ಗದ ನಮ್ಮ ಶಾಲೆಯಲ್ಲಿ ಆಯುಧಪೂಜೆ. ಸ್ಟಾಫ್ ರೂಮಿನ ತುಂಬ ಕರ್ಪೂರದ, ಕಲಸಿದ ಕುಂಕುಮದ ವಾಸನೆ. ಬಟ್ಟಲು ನನ್ನ ಕೈಗೆ ಬಂತು. ಬೆರಳು ಪ್ರೊಜೆಕ್ಟರಿನ ಹತ್ತಿರ ಹೋಗಿ ನಿಂತುಬಿಟ್ಟಿತು. ಭದ್ರಾವತಿಯ ವಿಜ್ಞಾನದ ಮೇಡಂ ನೆನಪಾದರು... ರಜೆಯುದ್ದಕ್ಕೂ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ಅಲ್ಲಿಯ ಹೈಸ್ಕೂಲಿಗೆ ನಾನು ಗಣಿತ ಟೀಚರಾಗಿ ಸೇರಿದಾಗ ಅವರಿಗೆ ನಿವೃತ್ತಿ ಹತ್ತಿರ. ಶಾಲೆಗೆ ಬಂದಿದ್ದ ಪ್ರೊಜೆಕ್ಟರನ್ನು ಹೆಡ್‌ಮಾಸ್ಟರು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಇಲಾಖೆಯ ಸಾಹೇಬರು ತನಿಖೆಗೆ ಬಂದ ದಿನ ಅದು ಹೊರಗೆ, ಮರುದಿನ ಒಳಗೆ. ನಮಗೂ ಅದೇ ಹಿತವಾಗಿತ್ತು. ಮುಟ್ಟಿ ಕೆಡಿಸಿದರು ಅನ್ನಿಸಿಕೊಳ್ಳುವ ಉಸಾಬರಿ ಯಾರಿಗೆ ಬೇಕು? ತರಬೇತಿಗೆ ಹೋಗಿ, ಊಟ ಮಾಡಿ, ಸರ್ಟಿಫಿಕೇಟ್ ತಂದು ಸುಮ್ಮನಿದ್ದೆವು. ಚಡಪಡಿಸುತ್ತಿದ್ದವರು ಮೇಡಂ ಒಬ್ಬರೇ.

ಅವರ ಸಂಕಟಕ್ಕೆ ಕಾರಣವಿತ್ತು. ಹೃದಯದ ಪಾಠದಲ್ಲಿ ಬೋರ್ಡಿನ ಮೇಲೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಸೀಮೆಸುಣ್ಣದಲ್ಲಿ ರಕ್ತ ತೋರಿಸುತ್ತಿದ್ದರು. ಮಕ್ಕಳು ಪರೀಕ್ಷೆಯಲ್ಲಿ ಮನುಷ್ಯನಿಗೆ ಎರಡು ಬಣ್ಣದ ರಕ್ತ ಇದೆ ಎಂದು ಬರೆದಿಟ್ಟು ಬರುತ್ತಿದ್ದವು. ನಾವು ನಗುತ್ತಿದ್ದೆವು, ಅವರಿಗೆ ನಗು ಬರುತ್ತಿರಲಿಲ್ಲ.

"ಬಡಿಯೋ ಹೃದಯಾನ ಒಂದ್ಸಲ ತೋರಿಸ್ಬೇಕು ಮಾರಾಯ್ತಿ, ರಿಟೈರ್ ಆಗೋದ್ರೊಳಗೆ."

ವಿಡಿಯೊ ಹುಡುಕುವುದು, ವೈರು ಸಿಕ್ಕಿಸುವುದು ಎಲ್ಲವನ್ನೂ ನನ್ನಿಂದ ಹಟ ಹಿಡಿದು ಕಲಿತರು. ಬೆಳಗ್ಗೆ ನನ್ನ ಮುಖ ಕಂಡರೆ ಸಾಕು, "ಕೀ ಸಿಕ್ತಾ?" ಎನ್ನುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಬೀರು ತೆರೆಯಿತು. ಶಾಲೆಯ ಗಂಟೆ, ಮೈಕ್ರೋಸ್ಕೋಪು, ಪ್ರೊಜೆಕ್ಟರು ಸಾಲಾಗಿ ಕೂತವು. ರಜೆ ಮುಗಿದ ಮೇಲೆ ಒಂದು ಪಾಠಕ್ಕೆ ಕೊಡುತ್ತೇನೆಂದು ಹೆಡ್‌ಮಾಸ್ಟರು ಒಪ್ಪಿಬಿಟ್ಟರು. ಮೇಡಂ ಕುಣಿಯುವುದೊಂದು ಬಾಕಿ. ಅದೇ ಸಂಭ್ರಮದಲ್ಲಿ ಕುಂಕುಮ ತಂದು ಪ್ರೊಜೆಕ್ಟರಿನ ಹಣೆ ಹುಡುಕಿದರು. ಮುಂದೆ ದುಂಡಗೆ ಹೊಳೆಯುತ್ತಿದ್ದದ್ದೇ ಹಣೆ ಎಂದುಕೊಂಡು ದೊಡ್ಡದೊಂದು ಬೊಟ್ಟಿಟ್ಟರು. ಅದು ಅದರ ಕಣ್ಣು, ಚಿತ್ರ ಹೊರಬೀಳುವ ಗಾಜು! ನಾವ್ಯಾರೂ ನೋಡಲಿಲ್ಲ. ನಮ್ಮ ಗಮನವೆಲ್ಲ ಪ್ರಸಾದದ ಮೇಲಿತ್ತು.

ರಜೆ ಮುಗಿದು ಪಾಠದ ದಿನ ಬಂತು. ಗೋಡೆಯ ಮೇಲೆ ಹೃದಯ ಮೂಡಿತು, ಮಂಕುಮಂಕಾಗಿ, ನಡುವೆ ಕೆಂಪು ಕಲೆ ಹೊತ್ತು.

"ಮೇಡಂ, ಹಾರ್ಟಿಗೂ ಕುಂಕುಮ ಇಟ್ಟಿದೀರಾ?" ಎಂದಿತು ಹಿಂದಿನ ಬೆಂಚು.

ಮೇಡಂ ಗಾಬರಿಯಲ್ಲಿ ಸೆರಗಿನಿಂದ ಒರೆಸಿದರು. ಕುಂಕುಮ ಹರಡಿ ಗೋಡೆಯೆಲ್ಲ ಕೆಂಪಾಯಿತು. ಗಲಾಟೆ ಕೇಳಿ ಬಂದ ಹೆಡ್‌ಮಾಸ್ಟರು ವೈರು ಕಿತ್ತರು.

"ಇದಕ್ಕೇ ಮೇಡಂ, ನಾನು ಬೀಗ ಹಾಕೋದು."

"ಒರೆಸಿದ್ರೆ ಹೋಗುತ್ತೆ ಸರ್... ಇನ್ನೊಂದ್ಸಲ ಕೊಡಿ."

ಕೊಡಲಿಲ್ಲ. ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಅಲ್ಲಿಯವರೆಗೂ ಕೀ ಕೇಳುವುದನ್ನು ಬಿಡಲಿಲ್ಲ. ಹೋದ ವರ್ಷ ತೀರಿಕೊಂಡರು.

ಈಗ ಶಿವಮೊಗ್ಗದ ನಮ್ಮ ಶಾಲೆಯ ಬೀರುವಿನ ಕೀ ನನ್ನ ಬ್ಯಾಗಿನಲ್ಲಿದೆ. ಇವತ್ತು ರಜೆ ಮುಗಿದು ಶಾಲೆ ತೆರೆಯಿತು. ಹೊಸದಾಗಿ ಬಂದ ವಿಜ್ಞಾನದ ಹುಡುಗಿ ಹಿಂಜರಿಯುತ್ತ ಬಂದು, "ಮೇಡಂ, ಕೀ ಸಿಗುತ್ತಾ?" ಎಂದಳು. ಜೋಪಾನ ಎನ್ನಲು ಬಾಯಿ ತೆರೆದವಳು ಬ್ಯಾಗಿನಿಂದ ಕೀ ತೆಗೆದು ಕೊಟ್ಟುಬಿಟ್ಟೆ.

ಆಮೇಲೆ ಕೂರಲಾಗದೆ ಅವಳ ತರಗತಿಯ ಹೊರಗೆ ಹೋಗಿ ನಿಂತೆ. ಒಳಗೆ ಮಕ್ಕಳ ಸದ್ದಿರಲಿಲ್ಲ. ವಿಡಿಯೊದಲ್ಲಿ ಹೃದಯ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಕೀ ಸಿಕ್ತು ಮೇಡಂ ಎಂದು ಹೇಳೋಣವೆಂದರೆ, ಅವರೇ ಇಲ್ಲ.