ಕಾಲಲ್ಲಿ ಉಣ್ಣು

ಕಳೆದ ಭಾನುವಾರ ಜೀರಹಳ್ಳಿಗೆ ಹೋದಾಗ ದೊಡ್ಡಮ್ಮ ಊಟಕ್ಕೆ ಕೂತಿದ್ದಳು. ಮುದ್ದೆ, ಸೊಪ್ಪಿನ ಸಾರು. ಮನೆ ತುಂಬ ಇಲಿ ಸತ್ತ ವಾಸನೆ.

“ಬಾ ಕಣವ್ವ, ಕೂತ್ಕೊ. ನಂಗ ಒತ್ತು ಮೀರ್ಬಾರ್ದು. ಡಾಕ್ಟ್ರು ಯೋಳವ್ರ, ಕಾಲಕಾಲಕ್ಕ ಉಣ್ಣು ಅಂತ.”

ಯಾವ ಡಾಕ್ಟರು? ದೊಡ್ಡಮ್ಮನಿಗೆ ಕಣ್ಣು ಕಾಣದು. ಸಕ್ಕರೆ ಕಾಯಿಲೆ ಏಳೆಂಟು ವರ್ಷದ ಹಿಂದೆಯೇ ಎರಡನ್ನೂ ಕಸಿದುಕೊಂಡಿತು. ಬಸ್ ಹತ್ತಿಸಿ ತಾಳವಾಡಿ ಆಸ್ಪತ್ರೆಗೆ ಕರೆದೊಯ್ಯಬೇಕೆಂದರೆ ಯಾರಾದರೂ ಕೂಲಿ ಬಿಡಬೇಕು. ಅದಕ್ಕೇ ಸೊಸೆ ಫೋನಿನಲ್ಲಿ ಒಂದು ಆರೋಗ್ಯ ಸಹಾಯವಾಣಿ ಹಾಕಿಕೊಟ್ಟಿದ್ದಾಳೆ. ಓದಬೇಕಿಲ್ಲ, ಬರೆಯಬೇಕಿಲ್ಲ. ಏನಾಗಿದೆ ಎಂದು ಬಾಯಲ್ಲಿ ಹೇಳಿದರೆ ಸಾಕು. ಸಣ್ಣಪುಟ್ಟದ್ದಕ್ಕೆ ಯಂತ್ರವೇ ಸಲಹೆ ಕೊಡುತ್ತದೆ, ದೊಡ್ಡದಾದರೆ ಡಾಕ್ಟರಿಗೆ ಕನೆಕ್ಟ್ ಮಾಡುತ್ತದೆ. ಕಣ್ಣು ಕಾಣದವರಿಗೆ ಇನ್ನೇನು ಬೇಕು?

ನಾನೂ ಹಾಗೇ ಅಂದುಕೊಂಡೆ. ಆಮೇಲೆ ಅವಳ ಕಾಲಿಗೆ ಸುತ್ತಿದ್ದ ಬಟ್ಟೆ ಕಣ್ಣಿಗೆ ಬಿತ್ತು. ಬಿಚ್ಚಿದೆ.

ಹೆಬ್ಬೆರಳು ಇದ್ದಿಲಿನಂತೆ ಕಪ್ಪಗಾಗಿತ್ತು. ಅಡಿಯಲ್ಲೆಲ್ಲ ಕೀವು. (ಮರಗಟ್ಟಿದ ಪಾದ, ನೋವೇ ಇಲ್ಲ.) ವಾಸನೆ ಇಲಿಯದಲ್ಲ.

“ಇದನ್ನ ಫೋನಿಗೆ ಹೇಳಲಿಲ್ವಾ?” ಕಿರುಚಿದೆ.

“ಯೋಳ್ದೆ ಕಣವ್ವ. ಕೈಗ ಒದ್ದೆ ಅತ್ತುತ್ತು. ಕಾಲಲ್ಲಿ ಉಣ್ಣು ಅಂದೆ. ಕಾಲಕಾಲಕ್ಕ ಉಣ್ಣಿ, ಸೊಪ್ಪು ಜಾಸ್ತಿ ತಿನ್ನಿ ಅಂತು. ವಾರದಿಂದ ಅಂಗೇ ಉಣ್ತಾವ್ನಿ.”

ಒಲೆ ಮುಂದಿದ್ದ ಸೊಸೆ ಅಳತೊಡಗಿದಳು. “ಡಾಕ್ಟ್ರುಗ ಯೋಳವ್ರಲ್ಲ ಅಂತ ಸುಮ್ನಾಗ್ಬುಟ್ಟೆ ಅಕ್ಕ.”

ಅರ್ಥವಾಯಿತಲ್ಲ? ನಮ್ಮ ಬೆಟ್ಟದ ಕಡೆ ಬಾಯಿಗೆ ‘ಹ’ ಹತ್ತುವುದಿಲ್ಲ. ಹಳ್ಳಿ ಅಳ್ಳಿ, ಹೊಲ ಒಲ. (ಹಾಲು ‘ಆಲು’ ಆದದ್ದರಿಂದ ಯಾರ ಟೀಯೂ ಕೆಟ್ಟಿಲ್ಲ.) ಹುಣ್ಣು, ಉಣ್ಣು. ಯಂತ್ರಕ್ಕೆ ಗೊತ್ತಿರುವುದು ಪುಸ್ತಕದ ಕನ್ನಡ. ಅದು ಕಾಲಿನ ಹುಣ್ಣನ್ನು ಊಟ ಮಾಡಿಬಿಟ್ಟಿತು!

ಊರು ಇರುವುದು ಗಡಿಯಾಚೆ ತಮಿಳುನಾಡಿನಲ್ಲಿ; ತಮಿಳಿನಲ್ಲಿ ಮಾತಾಡಿದ್ದರೆ ‘ಪುಣ್ಣು’ ಅಂದು ಬಚಾವಾಗುತ್ತಿದ್ದಳು. ತಮಿಳು ಅವಳಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ಕಷ್ಟವನ್ನು ಯಾರಾದರೂ ಎರಡನೇ ಭಾಷೆಯಲ್ಲಿ ಹೇಳಿಕೊಳ್ಳುತ್ತಾರಾ?

ಫೋನು ಕಿತ್ತುಕೊಂಡು, ಶಾಲೆಯಲ್ಲಿ ಕಲಿತ ‘ಹ’ ಹಾಕಿ ‘ಕಾಲಲ್ಲಿ ಹುಣ್ಣು’ ಅಂದೆ. ಕೂಡಲೇ ಡಾಕ್ಟರು ಲೈನಿಗೆ ಬಂದರು. ಕಪ್ಪಾಗಿದೆ ಎನ್ನುತ್ತಿದ್ದಂತೆ, “ಈಗಲೇ ಆಸ್ಪತ್ರೆಗೆ ಹೊರಡಿ” ಎಂದರು.

ಚಾಮರಾಜನಗರದಲ್ಲಿ ಹೆಬ್ಬೆರಳು ತೆಗೆದರು. ಒಂದು ವಾರ ಮೊದಲೇ ಬಂದಿದ್ದರೆ ಉಳಿಸಬಹುದಿತ್ತಂತೆ. ಆ ಮಾತು ನನಗಿನ್ನೂ ಅರಗಿಲ್ಲ. ಮುಚ್ಚಿಟ್ಟವಳಲ್ಲ, ಅಸಡ್ಡೆ ಮಾಡಿದವಳಲ್ಲ. ನಂಬಿ ಬಾಯಿಬಿಟ್ಟು ಹೇಳಿಕೊಂಡವಳಿಗೆ ಈ ಗತಿ ಬಂತಲ್ಲ ಅಂತ ಮೈ ಉರಿಯುತ್ತದೆ.

ಅದಕ್ಕಿಂತ ದೊಡ್ಡ ಶಾಕ್ ಮರುದಿನ. ವಾರ್ಡಿಗೆ ಹೋದರೆ ದೊಡ್ಡಮ್ಮ ಮಂಚದ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಳೆ! ಗಾಬರಿಯಾಗಿ ನರ್ಸನ್ನು ಕೂಗಿದೆ.

“ಉಸ್ರುಗೇನೂ ಆಗಿಲ್ಲ ಕಣವ್ವ, ಸುಮ್ನಿರು” ಎಂದಳು. “ನೀ ಅವತ್ತು ಅಂದಲ್ಲ, ಅದ ಕಲೀತಾವ್ನಿ. ಹ್... ಹ್... ಉಣ್ಣು. ಬತ್ತಾನೇ ಇಲ್ಲ. ಇನ್ನೊಂದ್ ಕಾಲಾರೂ ಉಳೀಬೇಕಲ್ಲ.”

ನೀವೇ ಹೇಳಿ, ತಿದ್ದಬೇಕಾದ್ದು ಅರವತ್ತು ದಾಟಿದ ಆ ಬಾಯಿಯನ್ನೋ, ಮೊನ್ನೆ ಮೊನ್ನೆ ಹುಟ್ಟಿದ ಈ ಕಿವಿಯನ್ನೋ?