ಮ್ಯೂಸಿಯಂ ರಾಯರು ಉಳಿಸಿದ ಆನೆಯ ಹೊನ್ನು

ರಾಯರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಚರ್ಮ ಸುಟ್ಟು ಸುಟ್ಟು ನುಣ್ಣಗಾಗಿತ್ತು. ಉಗುರಿನ ಅಂಚಿನಲ್ಲಿ ಅರಗಿನ ಕೆಂಪು ಸದಾ ಅಂಟಿಕೊಂಡಿರುತ್ತಿತ್ತು. ಮುಚ್ಚುಗೊರಳಿನ ಕೋಟು, ಜರಿ ಅಂಚಿನ ಪೇಟ, ಹಣೆಯಲ್ಲಿ ಅಕ್ಷತೆಯ ಬೊಟ್ಟು; ಇಷ್ಟು ಅಚ್ಚುಕಟ್ಟಾದ ಮನುಷ್ಯನಿಗೆ ಆ ಬೆರಳುಗಳು ಒಪ್ಪುತ್ತಿರಲಿಲ್ಲ. ಅಕ್ಕಸಾಲಿಯಾದ ನನಗೆ ಅಂಥ ಬೆರಳು ಹೊಸದಲ್ಲ. ಆದರೆ ಸರ್ಕಾರಿ ನೌಕರರೊಬ್ಬರಿಗೆ ಅದು ಹೇಗೆ ಬಂತೆಂದು ಮೊದಲ ದಿನ ನೋಡುತ್ತಲೇ ಕುಳಿತಿದ್ದೆ.

ಪ್ಲೇಗು ಇಳಿದ ಮೇಲಿನ ಮಾತು ಇದು. ನಮ್ಮ ಅಂಗಡಿ ಕಾಟನ್‌ಪೇಟೆಯ ಒಂದು ಓಣಿಯಲ್ಲಿತ್ತು. ಆ ಕಾಯಿಲೆಗೆ ತಂದೆಯನ್ನು ಕಳೆದುಕೊಂಡು, ಇಪ್ಪತ್ತು ದಾಟುವ ಮುಂಚೆಯೇ ನಾನು ಅವರ ಮಣೆಯ ಮೇಲೆ ಕುಳಿತಿದ್ದೆ. ಕೆಲಸಕ್ಕೆ ಬರವಿರಲಿಲ್ಲ. ಸತ್ತವರ ಒಡವೆಯನ್ನು ಹಾಗೇ ಹಾಕಿಕೊಳ್ಳಲು ಜನಕ್ಕೆ ಭಯ. ಅತ್ತೆಯ ಸರ, ಅಜ್ಜಿಯ ಡಾಬು, ಎಲ್ಲವನ್ನೂ ಗಂಟು ಕಟ್ಟಿಕೊಂಡು ಬಂದು, "ಕರಗಿಸಿ ಬೇರೆ ಏನಾದ್ರೂ ಮಾಡ್ಕೊಡಿ ಆಚಾರ್ರೆ" ಎನ್ನುತ್ತಿದ್ದರು. ಆ ಹಳೆಯ ಸರಗಳಲ್ಲಿ ಕೊಂಡಿ ಬೆಸೆದು ಪೋಣಿಸಿದ ಹಳೆಯ ಕಾಲದ ಚಿನ್ನದ ನಾಣ್ಯಗಳು, ಹೊನ್ನುಗಳು, ಇರುತ್ತಿದ್ದವು. ನಮಗೆ ಅವೂ ಚಿನ್ನವೇ. ಮೂಸೆಗೆ ಹಾಕಿ ಊದುಗೊಳವೆ ಹಿಡಿದರೆ ಮುಗಿಯಿತು.

ಒಂದು ಸಂಜೆ ರಾಯರು ಜಗಲಿಯ ಮುಂದೆ ನಿಂತು, "ನಾನು ಮ್ಯೂಸಿಯಂನಲ್ಲಿ ನಾಣ್ಯಗಳನ್ನ ನೋಡ್ಕೊಳ್ಳೋನು. ನೀವು ಕರಗಿಸ್ಬೇಡಿ ಅಂತ ಹೇಳೋಕೆ ನನಗೆ ಅಧಿಕಾರ ಇಲ್ಲ. ಕರಗಿಸೋ ಮುಂಚೆ ಒಂದ್ಸಲ ತೋರಿಸ್ತೀರಾ?" ಎಂದರು.

ತೋರಿಸಿದೆ. ಅವರು ಕೋಟಿನ ಜೇಬಿನಿಂದ ಅರಗಿನ ಕಡ್ಡಿ ತೆಗೆದು, ನನ್ನ ಅಗ್ಗಿಷ್ಟಿಕೆಯ ಕೆಂಡದಲ್ಲೇ ಕಾಯಿಸಿ, ದಪ್ಪ ಕಾಗದದ ಮೇಲೆ ತೊಟ್ಟಿಕ್ಕಿಸಿ, ಅದರೊಳಗೆ ನಾಣ್ಯವನ್ನು ಒತ್ತಿದರು. ಎರಡೂ ಮುಖದ ಗುರುತು ಬಂದ ಮೇಲೆ ಬಟ್ಟೆಯಲ್ಲಿ ಒರೆಸಿ ನನಗೆ ಹಿಂದಕ್ಕೆ ಕೊಟ್ಟರು. "ಇನ್ನು ನಿಮ್ಮ ಕೆಲಸ ಮಾಡಿ" ಎಂದವರು, ನಾನು ಅದನ್ನು ಮೂಸೆಗೆ ಹಾಕುವಾಗ ಮುಖ ತಿರುಗಿಸಿಕೊಂಡರು.

ಅಂದಿನಿಂದ ಅವರು ಸಂಜೆ ಚಾಮರಾಜಪೇಟೆಯ ಮನೆಗೆ ಹೋಗುವ ಮುಂಚೆ ನಮ್ಮ ಅಂಗಡಿಗೆ ಬರುವುದು ರೂಢಿಯಾಯಿತು. ಜನ ತಮಾಷೆ ಬಂಗಲೆ ಎನ್ನುತ್ತಿದ್ದ ಮ್ಯೂಸಿಯಂಗೆ ಅವರು ಸೇರಿದ್ದು ಹುಲ್ಲು ತುಂಬಿದ ಹಕ್ಕಿಗಳಿಗೆ ಚೀಟಿ ಬರೆಯುವ ಗುಮಾಸ್ತರಾಗಿ. ಮೂಲೆಯ ಪೆಟ್ಟಿಗೆಯೊಂದರಲ್ಲಿ ಬಿದ್ದಿದ್ದ ಹಳೆಯ ನಾಣ್ಯಗಳನ್ನು ಊಟದ ಬಿಡುವಿನಲ್ಲಿ ನೋಡುತ್ತಾ ನೋಡುತ್ತಾ, ಹಳಗನ್ನಡದ ಲಿಪಿ ಕಲಿತು, ಕೊನೆಗೆ ಆ ವಿಭಾಗಕ್ಕೇ ಮೇಲ್ವಿಚಾರಕರಾಗಿದ್ದರು. ಚೀಟಿಗಳೆಲ್ಲ ಇಂಗ್ಲಿಷಿನಲ್ಲಿರಬೇಕೆಂದು ಮೇಲಿನವರು ಹೇಳಿದಾಗ, "ನಾಣ್ಯದ ಮೇಲಿರೋದೇ ಕನ್ನಡ. ಪಕ್ಕದ ಚೀಟೀಲಿ ಕನ್ನಡ ಇದ್ದರೆ ಏನು ತಪ್ಪು?" ಎಂದು ಎರಡೂ ಭಾಷೆಯಲ್ಲಿ ತಾವೇ ಬರೆದು ಅಂಟಿಸಿದ್ದರಂತೆ.

ಒಂದು ಭಾನುವಾರ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ನಾನು ಚಿನ್ನದ ಕಡೆಗೇ ನಡೆದರೆ ಅವರು ತೋಳು ಹಿಡಿದು, ಮುಖವೆಲ್ಲ ಅಳಿಸಿಹೋದ ತಾಮ್ರದ ಕಾಸುಗಳ ಮುಂದೆ ನಿಲ್ಲಿಸಿದರು. "ಇಷ್ಟು ಸವೀಬೇಕಾದ್ರೆ ಎಷ್ಟು ಜನದ ಕೈ ದಾಟಿರ್ಬೇಕು ನೋಡಿ. ಉಪ್ಪು ತಂದಿದಾರೆ, ಎಣ್ಣೆ ತಂದಿದಾರೆ. ರಾಜನ ಹೆಸರು ಓದೋಕೆ ಆಗದೆ ಹೋದ್ರೂ ನನಗೆ ಬೇಜಾರಿಲ್ಲ" ಎಂದರು. ಬೇರೆಯವರಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವರು ಹೇಳಿದ ರೀತಿಗೆ ನಾನೂ ಬಗ್ಗಿ ಆ ಕಾಸುಗಳನ್ನೇ ನೋಡಿದೆ.

ತಮ್ಮ ಹೆಂಡತಿಯ ವಿಷಯವನ್ನು ಅವರು ಒಮ್ಮೆ ಮಾತ್ರ ಹೇಳಿದ್ದರು. ಆಕೆಯನ್ನೂ ಪ್ಲೇಗು ಕೊಂಡೊಯ್ದಿತ್ತು. ಸರ್ಕಾರದವರು ಬಂದು ಮನೆಯ ಹೆಂಚು ತೆಗೆಸಿ, ಔಷಧಿ ಸಿಂಪಡಿಸಿ, ಸೀರೆ ಹಾಸಿಗೆಗಳನ್ನೆಲ್ಲ ಸುಟ್ಟಿದ್ದರು. ಆಸ್ಪತ್ರೆಯ ಖರ್ಚಿಗೆಂದು ಒಡವೆಗಳು ಮೊದಲೇ ಹೋಗಿದ್ದವು. ಉಳಿದದ್ದು ಆಕೆಯ ಬೆರಳಿನಲ್ಲಿದ್ದ ಒಂದು ವಂಕಿ ಉಂಗುರ. ಮಲ್ಲೇಶ್ವರಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳಿಗೆ ಅದನ್ನು ಕೊಡಬೇಕೆಂದು ಎತ್ತಿಟ್ಟಿದ್ದರು.

ಕೆಲವು ವರ್ಷ ಕಳೆದ ಮೇಲೆ ಓಕಳಿಪುರಂನಿಂದ ಒಬ್ಬ ಹೆಂಗಸು ಬಂದಳು. ಗಂಡ ರೈಲ್ವೆ ಗ್ಯಾಂಗಿನಲ್ಲಿ ಮೇಸ್ತ್ರಿ. ಮಗಳ ಮದುವೆ ಗೊತ್ತಾಗಿತ್ತು. ಅತ್ತೆಯ ಕಾಸಿನ ಸರವನ್ನು ಕರಗಿಸಿ ಹುಡುಗಿಗೆ ಬಳೆ ಮಾಡಬೇಕಿತ್ತು. ಸಂಜೆ ರಾಯರು ಆ ಸರವನ್ನು ಕೈಗೆ ತೆಗೆದುಕೊಂಡು ಒಂದೊಂದೇ ಹೊನ್ನು ತಿರುವುತ್ತಾ ಹೋದವರು ನಡುವಿನ ಒಂದರ ಬಳಿ ನಿಂತುಬಿಟ್ಟರು. ಒಂದು ಕಡೆ ಆನೆ, ಇನ್ನೊಂದು ಕಡೆ ಬಳ್ಳಿಯ ಸುರುಳಿ. ಅಂಥದ್ದು ನಾನೂ ಕಂಡಿದ್ದೆ. ಇದರಲ್ಲಿ ಆನೆಯ ಬೆನ್ನ ಮೇಲೆ ಮೂರು ಅಕ್ಷರಗಳಿದ್ದವು.

"ಇದು ಎಲ್ಲೂ ಇಲ್ಲ ಆಚಾರ್ರೆ," ಎಂದರು. "ನಾನು ನೋಡಿರೋ ಯಾವ ಪುಸ್ತಕದಲ್ಲೂ ಇಲ್ಲ. ಇದೊಂದನ್ನ ಇಟ್ಕೊಂಡಿರಿ. ಮೇಲಿನವರನ್ನ ಕೇಳ್ತೀನಿ."

ಇಟ್ಟುಕೊಂಡೆ. ಮೇಲಿನವರು ಈ ವರ್ಷ ಕೊಳ್ಳಲು ಆಗುವುದಿಲ್ಲ ಎಂದರು. ಅರಗಿನ ಗುರುತು ಇದ್ದರೆ ಸಾಲದೇ ಎಂದೂ ಕೇಳಿದರಂತೆ. ಅಷ್ಟರಲ್ಲಿ ಮುಹೂರ್ತ ಹತ್ತಿರ ಬಂತು. ಆ ತಾಯಿ ಅಂಗಡಿಗೆ ಬಂದು ರಾಯರ ಎದುರಿಗೇ ಹೇಳಿದಳು: "ಸ್ವಾಮಿ, ನೀವು ದೊಡ್ಡವರು, ನಿಮ್ಮ ಮಾತು ತೆಗೆದುಹಾಕೋಕೆ ನಂಗೆ ಇಷ್ಟ ಇಲ್ಲ. ಆದ್ರೆ ಬಳೆ ಇಲ್ದೆ ಮಗೂನ ಹೆಂಗೆ ಹಸೆಮಣೆ ಮೇಲೆ ಕೂರಿಸ್ಲಿ? ಅದರ ತೂಕಕ್ಕೆ ಚಿನ್ನ ಕೊಟ್ಬಿಡಿ, ಆ ಆನೆ ನೀವೇ ಇಟ್ಕೊಳ್ಳಿ."

"ನೀವು ಹೇಳೋದು ನ್ಯಾಯ ತಾಯಿ," ಎಂದು ರಾಯರು ಎದ್ದು ಹೋದರು.

ಮರುದಿನ ಬೆಳಿಗ್ಗೆ ಬಂದಾಗ ಅವರ ಕೈಯಲ್ಲಿ ಬಿಳಿಯ ಬಟ್ಟೆಯ ಒಂದು ಪುಟ್ಟ ಗಂಟಿತ್ತು. ಬಿಚ್ಚಿದರೆ ವಂಕಿ ಉಂಗುರ.

"ಬೇಡ ರಾಯ್ರೆ," ಎಂದೆ. "ನನ್ನ ಕೈಲಿ ಈ ಕೆಲಸ ಮಾಡಿಸ್ಬೇಡಿ. ಅಮ್ಮಾವ್ರದು ಇನ್ನೇನೂ ಉಳಿದಿಲ್ಲ ಅಂದಿದ್ರಿ."

"ಅವಳು ಇದ್ದಿದ್ರೆ ಕೊಡು ಅಂತಿದ್ಲು" ಎಂದರು. ಉಂಗುರವನ್ನು ತಕ್ಕಡಿಯ ಪಕ್ಕಕ್ಕೆ ಸರಿಸಿ, "ಅಂತಿದ್ಲೋ ಇಲ್ವೋ ಗೊತ್ತಿಲ್ಲ. ಇಂಥ ಉಂಗುರ ಊರಲ್ಲಿ ಬೇಕಾದಷ್ಟಿವೆ. ಆ ಹೊನ್ನು ಇರೋದು ಒಂದೇ. ಹಾಕಿ ಆಚಾರ್ರೆ" ಎಂದರು.

ತೂಗಿದೆ. ಉಂಗುರವೇ ಕೊಂಚ ಹೆಚ್ಚಿತ್ತು. ಹೆಚ್ಚಿದ್ದನ್ನೂ ಮದುವೆಯ ಹುಡುಗಿಗೇ ಸೇರಿಸಿ ಎಂದರು. ಈ ಸಲ ಅವರು ಮುಖ ತಿರುಗಿಸಲಿಲ್ಲ. ಉಂಗುರ ಕೆಂಪಾಗಿ, ಬಾಗಿ, ನೀರಾಗುವವರೆಗೂ ಮೂಸೆಯನ್ನೇ ನೋಡುತ್ತಿದ್ದರು. ಆಮೇಲೆ ಆನೆಯ ಹೊನ್ನನ್ನು ಅದೇ ಬಟ್ಟೆಯಲ್ಲಿ ಕಟ್ಟಿಕೊಂಡು ಮ್ಯೂಸಿಯಂಗೆ ನಡೆದರು.

ಆ ವರ್ಷದ ಗೌರಿಹಬ್ಬಕ್ಕೆ ಮಗಳು ತವರಿಗೆ ಬಂದವರು ಪೆಟ್ಟಿಗೆಯಲ್ಲಿ ಉಂಗುರ ಹುಡುಕಿದ್ದಾರೆ. ರಾಯರು ನಡೆದದ್ದನ್ನು ಮುಚ್ಚಿಡದೆ ಹೇಳಿದ್ದಾರೆ. ಮಾರನೆಯ ದಿನ ಒಂದು ಜಟಕಾ ನಮ್ಮ ಓಣಿಯ ಬಾಯಲ್ಲಿ ನಿಂತಿತು. ಆಕೆ ಇಳಿದು ನೇರವಾಗಿ ಅಂಗಡಿಗೆ ಬಂದರು. ಅಳುತ್ತಿರಲಿಲ್ಲ.

"ನಮ್ಮಮ್ಮನ ಉಂಗುರ ಕರಗಿಸಿದ್ದು ನೀವೇನಾ?"

"ಹೌದಮ್ಮ."

"ಊರವರ ನಾಣ್ಯಕ್ಕೆಲ್ಲ ಅರಗಿನಲ್ಲಿ ಗುರುತು ತಗೋತಾರಲ್ಲ ನಮ್ಮಪ್ಪ. ಅದಕ್ಕೂ ಒಂದು ತಗೊಂಡ್ರಾ?"

ತೆಗೆದುಕೊಂಡಿರಲಿಲ್ಲ. ಆಕೆಗೆ ಅದು ನನ್ನ ಮುಖದಲ್ಲೇ ತಿಳಿಯಿತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಟುಹೋದರು.

ಸಂಜೆ ರಾಯರಿಗೆ ಹೇಳಿದೆ. ಅವರು ಕಾಯಿಸಲೆಂದು ತೆಗೆದಿದ್ದ ಅರಗಿನ ಕಡ್ಡಿಯನ್ನು ಮತ್ತೆ ಜೇಬಿನಲ್ಲಿಟ್ಟುಕೊಂಡರು. "ಅವಳು ಕೇಳಿದ್ದು ಸರಿ. ನನಗೆ ಹೊಳೀಲೇ ಇಲ್ಲ ಆಚಾರ್ರೆ" ಎಂದು ಎದ್ದರು. ಮತ್ತೆ ಆ ಮಾತು ಎತ್ತಲಿಲ್ಲ. ಮಗಳೂ ಹಬ್ಬಕ್ಕೆ ಬರುವುದನ್ನು ನಿಲ್ಲಿಸಿದರು. ಮಲ್ಲೇಶ್ವರಕ್ಕೂ ಚಾಮರಾಜಪೇಟೆಗೂ ಒಂದು ಗಾವುದವೇನಿಲ್ಲ. ಆದರೂ ವರ್ಷಗಳು ಕಳೆದವು. ಮೊಮ್ಮಗ ಹುಟ್ಟಿದ್ದನ್ನು ರಾಯರು ಬೇರೆಯವರ ಬಾಯಿಂದ ಕೇಳಿದರು. ಅಂದು ಅಂಗಡಿಗೆ ಕಲ್ಲುಸಕ್ಕರೆ ತಂದು ಕೊಟ್ಟರು, ಏಕೆಂದು ಹೇಳಲಿಲ್ಲ.

ಆನೆಯ ಹೊನ್ನನ್ನು ನೋಡಲು ಮದರಾಸಿನಿಂದ ವಿದ್ವಾಂಸರು ಬಂದರು. ರಾಯರು ಮೊದಲೆರಡು ಅಕ್ಷರಗಳನ್ನು ಓದಿದ್ದರು. ಮೂರನೆಯದು ಅವರಿಗೂ ಒಲಿಯಲಿಲ್ಲ, ಬಂದವರಿಗೂ ಒಲಿಯಲಿಲ್ಲ. ಏನಾದರೂ ಊಹಿಸಿ ಬರೆದುಬಿಡಿ, ಹೆಸರು ಬರುತ್ತದೆ ಎಂದು ಯಾರೋ ಹೇಳಿದರಂತೆ. ಅವರು ಆ ಜಾಗವನ್ನು ಚೀಟಿಯಲ್ಲಿ ಖಾಲಿ ಬಿಟ್ಟರು. ಕೆಲಸದಿಂದ ನಿವೃತ್ತರಾಗುವವರೆಗೂ ಅದು ಖಾಲಿಯೇ ಇತ್ತು.

ಇನ್‌ಫ್ಲುಯೆಂಜಾ ಬಂದಾಗ ಊರು ಮತ್ತೆ ಪ್ಲೇಗಿನ ಕಾಲದಂತಾಯಿತು. ರಾಯರು ಮಲಗಿದ್ದಾರೆಂದು ತಿಳಿದು ಓಡಿಹೋದೆ. ಬಾಗಿಲು ತೆಗೆದವರು ಅವರ ಮಗಳು. ಜ್ವರದ ಮನೆಗೆ ಹೋಗಬೇಡವೆಂದು ಗಂಡನ ಮನೆಯವರು ತಡೆದಿದ್ದರೂ ಬಂದಿದ್ದರು. ರಾಯರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದರು. ತಂದೆ ಮಗಳು ಏನು ಮಾತಾಡಿಕೊಂಡರೋ ನನಗೆ ತಿಳಿಯದು. ನಾನು ಕೇಳಿದ್ದು ಒಂದೇ. "ನಿನ್ನ ಕೈ ನಿಮ್ಮಮ್ಮನ ಕೈ ಹಾಗೇ ಇದೆ ಕಣೇ" ಎಂದು ರಾಯರು ಕ್ಷೀಣವಾಗಿ ಹೇಳಿದರು. ಆಕೆ ಲೋಟ ಕೆಳಗಿಟ್ಟು ಆ ಸುಟ್ಟ ಬೆರಳುಗಳನ್ನು ಹಿಡಿದುಕೊಂಡರು.

ಎರಡು ದಿನದಲ್ಲಿ ರಾಯರು ಹೋಗಿಬಿಟ್ಟರು. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಹೆಗಲು ಕೊಡಲು ಅಳಿಯ, ದಾಯಾದಿಯೊಬ್ಬರು, ಪಕ್ಕದ ಮನೆಯ ಯಜಮಾನರು ಇಷ್ಟೇ ಜನ ಸಿಕ್ಕಿದರು. ನಾನು ಬೀದಿಯ ಅಂಚಿನಲ್ಲಿ ನಿಂತಿದ್ದೆ. ಆಕೆ ನನ್ನತ್ತ ನೋಡಿ, "ಆಚಾರ್ರೆ, ನೀವು ಬನ್ನಿ" ಎಂದರು.

ಪುರೋಹಿತರು, "ಅವರು ನಮ್ಮ ಪೈಕಿ ಅಲ್ವಲ್ಲಮ್ಮ" ಎಂದರು.

"ನಾನು ಬರದೇ ಇದ್ದಷ್ಟು ವರ್ಷವೂ ನಮ್ಮಪ್ಪ ದಿನಾ ಸಂಜೆ ಕೂತಿದ್ದು ಇವರ ಜೊತೆ. ಇವರೂ ಹೊರಲಿ."

ಪುರೋಹಿತರು ಪಕ್ಕಕ್ಕೆ ಸರಿದರು. ನಾನು ಮೆಟ್ಟು ಬಿಟ್ಟು, ಅಂಗವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಮುಂದೆ ಬಂದೆ. ಚಟ್ಟದ ಎಡಗಡೆಯ ಹಿಂದಿನ ಬಿದಿರನ್ನು ನನಗೆ ಬಿಟ್ಟರು. ನನ್ನ ತಂದೆಯನ್ನು ಪ್ಲೇಗಿನ ಸರ್ಕಾರಿ ಆಳುಗಳು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದರು, ಹೊರುವ ಭಾಗ್ಯ ನನಗೆ ಸಿಕ್ಕಿರಲಿಲ್ಲ. ಸ್ಮಶಾನ ಮುಟ್ಟುವವರೆಗೆ ನಾನು ಹೆಗಲು ಬದಲಿಸಲಿಲ್ಲ.